ಜನ ಹೇಳಿದ್ದೇ ತಪ್ಪಾದರೆ ಲೆಕ್ಕ ಸರಿಯಾಗುವುದು ಹೇಗೆ?

ಪ್ರಶ್ನೆ: "ಯುರೋಪಿನ ಒಂದು ದೊಡ್ಡ ಅಧ್ಯಯನದ ಬಗ್ಗೆ ಓದಿದೆ. ನಾರಿನಂಶ ಜಾಸ್ತಿ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ 25% ಕಡಿಮೆಯಂತೆ. ಅಳತೆಯ ತಪ್ಪು ಸರಿಪಡಿಸಿದ ಮೇಲೆ ಅದೇ 42% ಆಯಿತಂತೆ. ಜನ ಕೊಟ್ಟ ಉತ್ತರವೇ ತಪ್ಪಿದ್ದ ಮೇಲೆ ಗಣಿತ ಹಚ್ಚಿ ಸರಿ ಉತ್ತರ ತೆಗೆಯೋಕೆ ಆಗುತ್ತಾ ಸರ್? ಇದು ಬೇಕಾದ ಅಂಕಿ ಬರಿಸಿಕೊಳ್ಳುವ ಉಪಾಯ ಅಲ್ವಾ? ನಮ್ಮ ನೆಂಟರಲ್ಲೇ ಸೇದುವವರಿದ್ದಾರೆ, ಹೊರಗಿನವರು ಕೇಳಿದರೆ ಇಲ್ಲ ಅಂತಾರೆ. ಅದನ್ನು ಯಾವ ಸೂತ್ರ ಸರಿ ಮಾಡುತ್ತೆ?" – ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಮೊದಲೇ ಹೇಳಿಬಿಡುತ್ತೇನೆ. ತಪ್ಪು ಉತ್ತರಗಳನ್ನು ಯಾವ ಸೂತ್ರವೂ ತನ್ನಷ್ಟಕ್ಕೆ ಸರಿ ಮಾಡುವುದಿಲ್ಲ. ಉತ್ತರ ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಅಂತ ಬೇರೆ ಕಡೆಯಿಂದ ಗೊತ್ತಾಗಿರಬೇಕು. ಆ ಮಾಹಿತಿ ಇದ್ದರೆ ತಿದ್ದಬಹುದು, ಇಲ್ಲದಿದ್ದರೆ ಅದು ಊಹೆ. ಹಾಗಾಗಿ ಇಂಥ ವರದಿ ಓದುವಾಗ 42 ಅನ್ನುವ ಅಂಕಿಗಿಂತ ಮೊದಲು, ತಿದ್ದಲು ಬಳಸಿದ ಅಂಕಿ ಎಲ್ಲಿಂದ ಬಂತು ಅಂತ ಕೇಳಬೇಕು.

ನೀವು ಹೇಳಿದ್ದು ಎಪಿಕ್ ಅಧ್ಯಯನ. ಯುರೋಪಿನ 10 ದೇಶ, ಸುಮಾರು 5 ಲಕ್ಷ 20 ಸಾವಿರ ಜನ, ಅವರಲ್ಲಿ 1,065 ಮಂದಿಗೆ ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್. ಈ ಫಲಿತಾಂಶ 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಒಂದು ಪ್ರಶ್ನಾವಳಿ ಕೊಟ್ಟಿದ್ದರು: ಕಳೆದ ಒಂದು ವರ್ಷದಲ್ಲಿ ಏನೇನು, ಎಷ್ಟು ಸಲ ತಿಂದಿರಿ ಅಂತ. ಅವರಲ್ಲಿ ಸುಮಾರು 37 ಸಾವಿರ ಜನರನ್ನು ಮಾತ್ರ ಇನ್ನೂ ವಿವರವಾಗಿ ಮಾತಾಡಿಸಿ, ಹಿಂದಿನ ದಿನ ಬೆಳಗಿನಿಂದ ರಾತ್ರಿವರೆಗೆ ತಿಂದದ್ದನ್ನೆಲ್ಲ ಬರೆಸಿಕೊಂಡರು. ಈ ಎರಡನ್ನೂ ಹೋಲಿಸಿ ಪ್ರಶ್ನಾವಳಿ ಎಷ್ಟು ಸಡಿಲ ಅಂತ ಅಂದಾಜು ಮಾಡಿದರು. 25 ಹೋಗಿ 42 ಆದದ್ದು ಆ ಅಂದಾಜಿನಿಂದ.

ಪ್ರಶ್ನಾವಳಿ ಸಡಿಲ ಅಂದರೆ ಏನು ಅಂತ ನಮ್ಮ ಊರಿನಲ್ಲೇ ನೋಡಿ. ರಾಜಾಜಿನಗರದ ಒಂದು ಮನೆ, ನಾಲ್ಕು ಜನ ಅಂದುಕೊಳ್ಳಿ. ಕ್ಷೇತ್ರ ಕಾರ್ಯಕರ್ತೆ ಫಾರಂ ಹಿಡಿದು ಕೂತಿದ್ದಾರೆ. "ಸೊಪ್ಪು ವಾರಕ್ಕೆ ಎಷ್ಟು ಸಲ ತಿನ್ನುತ್ತೀರಮ್ಮ?" ಮನೆಯವರು ಯೋಚಿಸಿ, "ಮೂರು ನಾಲ್ಕು ಸಲ" ಅಂತಾರೆ. ಯಾವ ಸೊಪ್ಪು? ಬಸ್ಸಾರಿಗೆ ಹಾಕಿದ್ದಾ, ಪಲ್ಯವಾ? ಬಸ್ಸಾರಾದರೆ ಬಸಿದ ಸೊಪ್ಪು ತಿಂದವರು ಯಾರು, ಬರೀ ಸಾರು ಸುರಿದುಕೊಂಡವರು ಯಾರು? "ಎಷ್ಟು ತಿನ್ನುತ್ತೀರಿ?" ಅಂದರೆ "ಒಂದು ಸೌಟು." ಯಾರ ಮನೆಯ ಸೌಟು? ಯಜಮಾನರು ಬೆಳಿಗ್ಗೆ ದರ್ಶಿನಿಯಲ್ಲಿ ನಿಂತುಕೊಂಡು ತಿನ್ನುವ ಇಡ್ಲಿ ವಡೆ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಯಾಕೆಂದರೆ ಉತ್ತರ ಕೊಡುತ್ತಿರುವುದು ಹೆಂಡತಿ. ಶ್ರಾವಣದಲ್ಲಿ ಕೇಳಿದರೆ ಒಂದು ಉತ್ತರ, ಆಷಾಢದಲ್ಲಿ ಕೇಳಿದರೆ ಇನ್ನೊಂದು. ಆಮೇಲೆ ಈ ಒಂದು ಸೌಟನ್ನು ಗ್ರಾಂಗೆ ತಿರುಗಿಸಿ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದಲ್ಲಿ ಹುಡುಕಿ, ಇಷ್ಟು ನಾರು ಅಂತ ಬರೆಯುತ್ತೇವೆ. ಕೋಷ್ಟಕ ಒಳ್ಳೆಯದೇ. ಆದರೆ ಅಲ್ಲಿರುವುದು ಹಸಿ ಸೊಪ್ಪಿನ ಅಂಕಿ. ಯಾರ ಮೇಲೂ ದೂರಲ್ಲ ಇದು. ಒಂದು ವರ್ಷದ ಊಟವನ್ನು ಅರ್ಧ ಗಂಟೆಯಲ್ಲಿ ನೆನಪಿಸಿಕೊಳ್ಳಿ ಅಂದರೆ ಯಾರಿಗಾದರೂ ಇಷ್ಟೇ ಆಗುವುದು.

ಈಗ ತಿದ್ದುವ ಗಣಿತ. ತರಕಾರಿ ಗಾಡಿಯ ತಕ್ಕಡಿ ಯಾವಾಗಲೂ 100 ಗ್ರಾಂ ಜಾಸ್ತಿ ತೋರಿಸಿದರೆ ಚಿಂತೆ ಇಲ್ಲ, ಎಲ್ಲದರಲ್ಲೂ 100 ಕಳೆದರಾಯಿತು. ಯಾರು ಜಾಸ್ತಿ ಕೊಂಡರು, ಯಾರು ಕಡಿಮೆ ಕೊಂಡರು ಅನ್ನುವ ಸಾಲು ಅದಲುಬದಲಾಗುವುದಿಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುವ ತಕ್ಕಡಿಯದ್ದೇ ತೊಂದರೆ. ಆಗ ನಿಜವಾಗಿ ಕಡಿಮೆ ತಿನ್ನುವವರು ಜಾಸ್ತಿ ತಿನ್ನುವವರ ಗುಂಪಿಗೆ ಸೇರುತ್ತಾರೆ, ಅವರು ಇವರ ಗುಂಪಿಗೆ. ಗುಂಪುಗಳು ಬೆರೆತುಹೋದರೆ ಅವುಗಳ ನಡುವಿನ ವ್ಯತ್ಯಾಸ ತೆಳುವಾಗುತ್ತದೆ. ಎಷ್ಟು ತೆಳು ಅನ್ನುವುದು ಒಂದು ಅನುಪಾತದ ಮೇಲೆ ನಿಂತಿದೆ. ಜನರ ನಡುವೆ ನಿಜವಾಗಿ ಇರುವ ಏರುಪೇರು ಎಷ್ಟು, ಅಳತೆಯ ತಪ್ಪಿನಿಂದ ಸೇರಿಕೊಂಡ ಏರುಪೇರು ಎಷ್ಟು? ಎರಡೂ ಕೂಡಿದ ಒಟ್ಟು ಏರುಪೇರಿನಲ್ಲಿ ನಿಜವಾದದ್ದರ ಪಾಲೇ ಆ ಅನುಪಾತ. ಎರಡೂ ಸಮಸಮ ಇದ್ದರೆ ಅದು 0.5. ಆಗ ಸಂಬಂಧದ ಬಲ ಅರ್ಧಕ್ಕೆ ಇಳಿದು ಕಾಣುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಇದನ್ನು 1904ರಲ್ಲೇ ತೋರಿಸಿದ್ದರು, ಹೊಸದೇನಲ್ಲ.

ಒಂದು ಕಾಲ್ಪನಿಕ ಅಂಕಿ ಇಟ್ಟುಕೊಂಡು ನೋಡೋಣ. ಎಣ್ಣೆ ಜಾಸ್ತಿ ತಿನ್ನುವವರಿಗೆ ಒಂದು ಕಾಯಿಲೆಯ ಸಂಭವ 1.2 ಪಟ್ಟು ಅಂತ ಬಂತು. ಅದರ ಅನಿಶ್ಚಿತತೆಯ ವ್ಯಾಪ್ತಿ 1.05ರಿಂದ 1.37. ಅನುಪಾತ 0.5 ಅಂತ ಖಚಿತವಾಗಿ ಗೊತ್ತಿದೆ ಅನ್ನಿ. ಈ ಲೆಕ್ಕವನ್ನು ಲಾಗರಿದಮ್‌ನಲ್ಲಿ ಮಾಡುವುದರಿಂದ ಅರ್ಧವನ್ನು ಪೂರ್ತಿ ಮಾಡುವುದು ಅಂದರೆ ವರ್ಗ ಮಾಡುವುದು. 1.2ರ ವರ್ಗ 1.44. ಹಾಗೆಯೇ ವ್ಯಾಪ್ತಿ 1.10ರಿಂದ 1.88. ಇಲ್ಲಿ ಗಮನಿಸಿ, ಮಧ್ಯದ ಅಂಕಿ ಮೇಲೆ ಹೋಯಿತು, ಜೊತೆಗೆ ವ್ಯಾಪ್ತಿಯೂ ಅಗಲವಾಯಿತು. ಪುರಾವೆ ಮೊದಲಿಗಿಂತ ಗಟ್ಟಿಯಾಗಲಿಲ್ಲ. ಮೊದಲು ಕಾಕತಾಳೀಯ ಇರಬಹುದು ಅನ್ನುವ ಅನುಮಾನ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಆ 0.5 ಅನ್ನುವುದೂ ಅಂದಾಜೇ ಆಗಿದ್ದರೆ ವ್ಯಾಪ್ತಿ ಇನ್ನೂ ಅಗಲವಾಗಬೇಕು. ತಿದ್ದಿದ ಮೇಲೆ ಅಂಕಿ ದೊಡ್ಡದಾಗಿದೆ, ವ್ಯಾಪ್ತಿ ಮಾತ್ರ ಹಾಗೇ ಇದೆ ಅಂದರೆ ಅಲ್ಲಿ ಏನೋ ಬಿಟ್ಟುಹೋಗಿದೆ ಅಂತಲೇ ಅರ್ಥ. ನೀವು ಹೇಳುವ ಉಪಾಯ ನಡೆಯುವುದೇ ಆದರೆ ಇಲ್ಲಿ.

ಎಣ್ಣೆಯ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ತಿಂಗಳಿಗೆ ಮನೆಗೆ ಬರುವ ಎಣ್ಣೆ ಕ್ಯಾನನ್ನು ನಾಲ್ಕು ಜನಕ್ಕೆ ಸಮನಾಗಿ ಹಂಚಿ ಲೆಕ್ಕ ಹಾಕುವ ರೂಢಿ ನಮ್ಮಲ್ಲಿ ಬಹಳ. ಇದೂ ತಪ್ಪು ಅಳತೆಯೇ, ಯಾರೂ ಸಮನಾಗಿ ತಿನ್ನುವುದಿಲ್ಲ. ಆದರೆ ಈ ಜಾತಿಯ ತಪ್ಪು ಸಂಬಂಧವನ್ನು ಅಷ್ಟಾಗಿ ತೆಳು ಮಾಡುವುದಿಲ್ಲ, ಅನಿಶ್ಚಿತತೆಯನ್ನು ಹೆಚ್ಚಿಸುತ್ತದೆ ಅಷ್ಟೆ. ಕ್ಯಾನಿನ ಲೆಕ್ಕ ಸರಿಯಿದ್ದು, ಮನೆಯೊಳಗೆ ಯಾರಿಗೆ ಜಾಸ್ತಿ ಹೋಗುತ್ತೆ ಅನ್ನುವುದಕ್ಕೂ ಕಾಯಿಲೆಗೂ ಬೇರೆ ನಂಟು ಇರಬಾರದು, ಷರತ್ತು ಅದು. ಇದನ್ನು ಬರ್ಕ್‌ಸನ್ ತಪ್ಪು ಅಂತಾರೆ. ಇಂಥ ಮಾಹಿತಿಗೂ ಮೇಲಿನ 0.5ರ ಸೂತ್ರವನ್ನೇ ಹಚ್ಚಿದರೆ ಸಂಬಂಧ ಇರುವುದಕ್ಕಿಂತ ಹಿಗ್ಗಿ ಕಾಣುತ್ತದೆ. ತಪ್ಪಿನ ಜಾತಿ ಗೊತ್ತಿಲ್ಲದೆ ಮದ್ದು ಕೊಡಬಾರದು.

ಇನ್ನು ಅನುಪಾತ ಎಲ್ಲಿಂದ ತರುವುದು? ಎಪಿಕ್‌ನವರು ಹಿಂದಿನ ದಿನದ ಊಟದ ನೆನಪನ್ನು ಅಳತೆಗೋಲು ಮಾಡಿಕೊಂಡರು. ನನಗೆ ತೃಪ್ತಿ ಇಲ್ಲದಿರುವುದು ಈ ಹೆಜ್ಜೆಯಲ್ಲಿ. ಪ್ರಶ್ನಾವಳಿ ತುಂಬಿದ್ದೂ, ನಿನ್ನೆ ತಿಂದದ್ದನ್ನು ಹೇಳಿದ್ದೂ ಒಂದೇ ತಲೆ. ಸಿಹಿ ತಿಂದದ್ದನ್ನು ಹೇಳಲು ಸಂಕೋಚಪಡುವವರು ಎರಡೂ ಕಡೆ ಸಂಕೋಚಪಡುತ್ತಾರೆ. ಆಗ ಎರಡೂ ಉತ್ತರಗಳು ಹೊಂದಿಕೊಳ್ಳುತ್ತವೆ. ಹೊಂದಿಕೊಂಡದ್ದರಿಂದ ಪ್ರಶ್ನಾವಳಿ ಚೆನ್ನಾಗಿದೆ ಅಂತ ನಂಬಿಬಿಡುತ್ತೇವೆ.

ಇದನ್ನು ಬಯಲು ಮಾಡಿದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1999–2000ರಲ್ಲಿ 484 ಜನರ ಮೇಲೆ ನಡೆದ ಓಪನ್ ಅಧ್ಯಯನ. ಅಲ್ಲಿ ಮಾತಿನ ಜೊತೆ ಮೈಯನ್ನೂ ಕೇಳಿದರು. ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ ಇರುವ ನೀರು ಕುಡಿಸಿ, ಮುಂದಿನ ಎರಡು ವಾರ ಆ ಎರಡೂ ಮೂತ್ರದಲ್ಲಿ ಎಷ್ಟು ಬೇಗ ಕಡಿಮೆಯಾಗುತ್ತವೆ ಅಂತ ನೋಡಿದರೆ ಆ ಮನುಷ್ಯ ಖರ್ಚು ಮಾಡಿದ ಕ್ಯಾಲೊರಿ ಸಿಗುತ್ತದೆ. ತೂಕ ಬದಲಾಗದಿದ್ದರೆ ತಿಂದದ್ದೂ ಅಷ್ಟೇ. ಮೂತ್ರದ ನೈಟ್ರೋಜನ್‌ನಿಂದ ಪ್ರೋಟೀನ್ ಲೆಕ್ಕ ಸಿಗುತ್ತದೆ. (ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲೂ ಇಂಥ ಐಸೋಟೋಪ್ ಕೆಲಸ ವರ್ಷಗಳಿಂದ ನಡೆಯುತ್ತಿದೆ.) ಹೋಲಿಸಿ ನೋಡಿದರೆ, ಗಂಡಸರು ಪ್ರಶ್ನಾವಳಿಯಲ್ಲಿ ಕ್ಯಾಲೊರಿಯನ್ನು 31–36%, ಹೆಂಗಸರು 34–38% ಕಡಿಮೆ ಹೇಳಿದ್ದರು. ನಿನ್ನೆಯ ಊಟದ ಲೆಕ್ಕದಲ್ಲಿ ಗಂಡಸರು 12–14%, ಹೆಂಗಸರು 16–20% ಕಡಿಮೆ. ಪ್ರೋಟೀನಿಗೆ ನಾನು ಮೇಲೆ ಹೇಳಿದ ಅನುಪಾತ ಬಂದದ್ದು ಗಂಡಸರಲ್ಲಿ ಬರೀ 0.16, ಹೆಂಗಸರಲ್ಲಿ 0.14. ಅಂದರೆ ಸಂಭವವನ್ನು ನಿಜವಾಗಿ ಎರಡು ಪಟ್ಟು ಮಾಡುವಂಥದ್ದು ಕೂಡ ಪ್ರಶ್ನಾವಳಿಯಲ್ಲಿ 1.1 ಪಟ್ಟು ಅಂತ ಕಾಣಬಹುದು! ಒಟ್ಟು ಕ್ಯಾಲೊರಿಯಲ್ಲಿ ಪ್ರೋಟೀನಿನ ಪಾಲು ಎಷ್ಟು ಅಂತ ನೋಡಿದಾಗ ಪರಿಸ್ಥಿತಿ ಸುಧಾರಿಸಿ 0.40 ಮತ್ತು 0.32 ಆಯಿತು. ಜಾಸ್ತಿ ಹೇಳುವವರು ಎಲ್ಲವನ್ನೂ ಜಾಸ್ತಿ, ಕಡಿಮೆ ಹೇಳುವವರು ಎಲ್ಲವನ್ನೂ ಕಡಿಮೆ ಹೇಳುವುದರಿಂದ, ಪಾಲು ತೆಗೆದಾಗ ಆ ತಪ್ಪಿನ ಒಂದಷ್ಟು ಭಾಗ ಹೊಡೆದುಹೋಗುತ್ತದೆ. ಹಾಗಾಗಿ ಒಳ್ಳೆಯ ಆಹಾರ ಅಧ್ಯಯನಗಳು ಕ್ಯಾಲೊರಿಗೆ ಹೊಂದಿಸಿಯೇ ಲೆಕ್ಕ ಹಾಕುತ್ತವೆ.

ಬೇಜಾರಿನ ಸಂಗತಿ ಏನೆಂದರೆ, ಹೀಗೆ ಮೈಯಿಂದ ನೇರವಾಗಿ ಅಳೆಯಲು ಆಗುವುದು ಕ್ಯಾಲೊರಿ, ಪ್ರೋಟೀನ್, ಪೊಟ್ಯಾಸಿಯಂ, ಉಪ್ಪಿನ ಸೋಡಿಯಂ, ಇಂಥ ಕೆಲವನ್ನು ಮಾತ್ರ. ಕೊಬ್ಬಿಗೆ ಇಲ್ಲ, ನಾರಿಗೂ ಇಲ್ಲ. ಅಲ್ಲಿ ಮಾತನ್ನು ಮಾತಿನಿಂದಲೇ ತಿದ್ದಬೇಕು.

ಇಷ್ಟು ಓದಿದ ಮೇಲೆ, "ತಪ್ಪು ಅಳತೆ ಸಂಬಂಧವನ್ನು ತೆಳು ಮಾಡುತ್ತೆ, ಹಾಗಾದರೆ ನಿಜ ಯಾವಾಗಲೂ ಕಂಡದ್ದಕ್ಕಿಂತ ದೊಡ್ಡದು" ಅಂತ ಅನ್ನಿಸಬಹುದು. ಅನೇಕ ಸಂಶೋಧಕರೂ ಪ್ರಬಂಧದ ಕೊನೆಯಲ್ಲಿ ಹೀಗೆ ಒಂದು ಸಾಲು ಬರೆದು ಮುಗಿಸುತ್ತಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಂದೇ ಒಂದು ವಿಷಯವನ್ನು ಅಳೆದು, ಅದರ ತಪ್ಪು ಯಾದೃಚ್ಛಿಕವಾಗಿದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ. ಊಟದ ಜೊತೆಗೆ ಸಿಗರೇಟು, ಬೀಡಿ ಬಂದ ಕೂಡಲೇ ಕಥೆ ಬೇರೆ. ನಿಮ್ಮ ನೆಂಟರ ಪ್ರಶ್ನೆಗೆ ಬರೋಣ.

ಸೊಪ್ಪು ತರಕಾರಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಏನೇನೂ ಸಂಬಂಧ ಇಲ್ಲದ ಒಂದು ಊರು ಅಂದುಕೊಳ್ಳಿ. ಕಾಯಿಲೆಗೆ ಕಾರಣ ಬರೀ ಹೊಗೆ. ಸೇದದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಬರುತ್ತೆ, ಸೇದುವವರಲ್ಲಿ ಸಾವಿರಕ್ಕೆ ಹತ್ತು. ತರಕಾರಿ ಕಡಿಮೆ ತಿನ್ನುವವರು 10,000 ಜನ, ಅವರಲ್ಲಿ 4,000 ಸೇದುವವರು. ಜಾಸ್ತಿ ತಿನ್ನುವವರೂ 10,000, ಅವರಲ್ಲಿ 2,000 ಸೇದುವವರು. ಎರಡೂ ಕಡೆ ಸೇದುವವರಲ್ಲಿ ಕಾಲು ಭಾಗ "ಇಲ್ಲ, ನಾನು ಸೇದಲ್ಲ" ಅಂದರು. ಸಂಶೋಧಕರು ಜಾಣರು, ಸೇದುವವರನ್ನು ಪಕ್ಕಕ್ಕಿಟ್ಟು, ಸೇದುವುದಿಲ್ಲ ಅಂದವರನ್ನಷ್ಟೇ ಹೋಲಿಸುತ್ತಾರೆ. ಕಡಿಮೆ ತರಕಾರಿಯ ಗುಂಪಿನಲ್ಲಿ ಅಂಥವರು 7,000. ಅವರಲ್ಲಿ 6,000 ನಿಜವಾಗಿ ಸೇದದವರು, ಅವರಿಂದ 6 ಕಾಯಿಲೆ. 1,000 ಮುಚ್ಚಿಟ್ಟವರು, ಅವರಿಂದ 10. ಒಟ್ಟು 16, ಅಂದರೆ ಸಾವಿರಕ್ಕೆ ಸುಮಾರು 2.3. ಜಾಸ್ತಿ ತರಕಾರಿಯ ಗುಂಪಿನಲ್ಲಿ 8,500. 8,000 ಜನರಿಂದ 8, ಮುಚ್ಚಿಟ್ಟ 500 ಜನರಿಂದ 5. ಒಟ್ಟು 13, ಸಾವಿರಕ್ಕೆ ಸುಮಾರು 1.5. ಕೊನೆಗೆ ಏನಾಯಿತು ನೋಡಿ. ತರಕಾರಿ ತಿಂದರೆ ಶ್ವಾಸಕೋಶದ ಕ್ಯಾನ್ಸರ್ ಮೂರನೇ ಒಂದು ಭಾಗ ಕಡಿಮೆ ಅನ್ನುವ ಫಲಿತಾಂಶ! ಅದೂ ಸಿಗರೇಟಿನ ಪ್ರಭಾವವನ್ನು ತೆಗೆದುಹಾಕಿದ ಮೇಲೆ ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಇಲ್ಲಿ ತಪ್ಪು ಇದ್ದದ್ದು ಸಿಗರೇಟಿನ ಉತ್ತರದಲ್ಲಿ, ಹಾಳಾದದ್ದು ತರಕಾರಿಯ ಉತ್ತರ. ಸಂಬಂಧ ತೆಳುವಾಗಲಿಲ್ಲ, ಇಲ್ಲದ್ದು ಹುಟ್ಟಿತು. ಇದರ ಮೇಲೆ ತರಕಾರಿಯ ಅಳತೆಯನ್ನು ಮಾತ್ರ "ಸರಿಪಡಿಸಿದರೆ" ಆ ಸುಳ್ಳು ಇನ್ನೂ ದೊಡ್ಡದಾಗುತ್ತದೆ.

ಹೀಗೆ ಆಗುತ್ತಾ ಅಂದರೆ, ಬೀಟಾ ಕೆರೋಟಿನ್ ನೆನಪಿಸಿಕೊಳ್ಳಿ. ಹಣ್ಣು ತರಕಾರಿಯಿಂದ ಅದು ಜಾಸ್ತಿ ಸಿಗುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಅಧ್ಯಯನದ ಮೇಲೆ ಅಧ್ಯಯನ ಹೇಳಿತ್ತು. ಫಿನ್ಲೆಂಡಿನಲ್ಲಿ ಸೇದುವ 29,133 ಗಂಡಸರಿಗೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಕ್ಯಾನ್ಸರ್ 18% ಜಾಸ್ತಿ ಇತ್ತು. ಅಮೆರಿಕದಲ್ಲಿ 'ಕ್ಯಾರೆಟ್' ಎಂಬ ಹೆಸರಿನಲ್ಲಿ ನಡೆದ ಇಂಥದ್ದೇ ಮಾತ್ರೆಯ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಅಲ್ಲಿ 28% ಜಾಸ್ತಿ. ಮಾತ್ರೆಯೂ ತರಕಾರಿಯೂ ಒಂದೇ ಅಲ್ಲ, ಡೋಸ್ ಬೇರೆ, ಎಲ್ಲವನ್ನೂ ಅಳತೆಯ ತಪ್ಪಿನ ತಲೆಗೆ ಕಟ್ಟಲಾಗದು. ಆದರೆ ಸೇದುವವರು ತರಕಾರಿ ಕಡಿಮೆ ತಿನ್ನುತ್ತಾರೆ, ಸೇದುವುದನ್ನು ಫಾರಂಗಳು ಸರಿಯಾಗಿ ಹಿಡಿಯುವುದಿಲ್ಲ. ಇವೆರಡೂ ಸೇರಿ ಮೊದಲಿನ ನಂಬಿಕೆಯನ್ನು ಉಬ್ಬಿಸಿದವು ಅನ್ನುವುದು ನನ್ನ ಅಭಿಪ್ರಾಯ.

ಸರಿಪಡಿಸುವುದನ್ನು ಮನಸ್ಸಿಟ್ಟು ಮಾಡಿದರೆ ಹೇಗಿರುತ್ತೆ ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಪರೋಕ್ಷ ಧೂಮಪಾನದ್ದು. ಗಂಡ ಸೇದುತ್ತಾನೆ, ಹೆಂಡತಿ ಸೇದುವುದಿಲ್ಲ, ಅವಳಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯಾ? ಹಾಕ್‌ಶಾ, ಲಾ, ವಾಲ್ಡ್ ಎಂಬ ಮೂವರು 1997ರಲ್ಲಿ 37 ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ ಸಂಭವ 24% ಜಾಸ್ತಿ ಅಂತ ಬಂತು. ತಕರಾರುಗಳು ಮೂರು ಇದ್ದವು. "ಯಾವತ್ತೂ ಸೇದಿಲ್ಲ" ಅಂದ ಕೆಲವು ಹೆಂಗಸರು ಹಿಂದೆ ಸೇದಿರಬಹುದು, ಸೇದುವವರನ್ನೇ ಮದುವೆಯಾಗುವುದು ಜಾಸ್ತಿಯಾದ್ದರಿಂದ ಇದು ಅಂಕಿಯನ್ನು ಸುಮ್ನೆ ಮೇಲೆ ಎತ್ತುತ್ತದೆ. ಸೇದುವವರ ಮನೆಯಲ್ಲಿ ಹಣ್ಣು ತರಕಾರಿ ಕಡಿಮೆ, ಇದೂ ಮೇಲೆ ಎತ್ತುತ್ತದೆ. ಆದರೆ ಸೇದದ ಗಂಡನ ಹೆಂಡತಿಯೂ ಬೇರೆ ಕಡೆ ಹೊಗೆ ಕುಡಿದಿರುತ್ತಾಳೆ, ಇದು ಅಂಕಿಯನ್ನು ಕೆಳಗೆ ಎಳೆಯುತ್ತದೆ. ಮೂರನ್ನೂ ಲೆಕ್ಕಕ್ಕೆ ತಂದು ತಿದ್ದಿದ ಮೇಲೆ ಬಂದದ್ದು 26%. ಅಷ್ಟೊಂದು ತಿದ್ದಿ ಎರಡೇ ಅಂಶ ಬದಲಾಯಿತು. ತಮಗೆ ಅನುಕೂಲವಾದ ಒಂದೇ ತಪ್ಪನ್ನು ಹಿಡಿದಿದ್ದರೆ ಇನ್ನೂ ದೊಡ್ಡ ಅಂಕಿ ಬರಿಸಬಹುದಿತ್ತು, ತಂಬಾಕು ಕಂಪನಿಗಳ ಕಡೆಯವರು ಇನ್ನೊಂದನ್ನು ಹಿಡಿದು ಇಳಿಸಬಹುದಿತ್ತು. ಎರಡೂ ಕಡೆಯ ತಪ್ಪನ್ನು ಮೇಜಿನ ಮೇಲೆ ಇಟ್ಟಿದ್ದರಿಂದ ಆ ಫಲಿತಾಂಶ ನಂಬುವ ಹಾಗಾಯಿತು.

ನಮ್ಮಲ್ಲಿ ಇದು ಇನ್ನೂ ಕಷ್ಟ. ಸೇದುವುದನ್ನು ಪತ್ತೆಹಚ್ಚಲು ಕೊಟಿನಿನ್ ಪರೀಕ್ಷೆ ಇದೆ. ನಿಕೋಟಿನ್ ಮೈಯಲ್ಲಿ ಒಡೆದಾಗ ಬರುವ ವಸ್ತು ಅದು. ನಿಕೋಟಿನ್ ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿದರೆ, ಕೊಟಿನಿನ್ ಇಳಿಯಲು 16ರಿಂದ 20 ಗಂಟೆ ಬೇಕು. ಹಾಗಾಗಿ ರಕ್ತ, ಎಂಜಲು, ಮೂತ್ರದಲ್ಲಿ ಮೂರು ನಾಲ್ಕು ದಿನ ಸಿಗುತ್ತದೆ. ಆದರೆ ಅದಕ್ಕೆ ಬೀಡಿಯೂ ಒಂದೇ, ಕಡ್ಡಿಪುಡಿಯೂ ಒಂದೇ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 8.8% ಸೇದುತ್ತಾರೆ, 16.3% ಜಗಿಯುವಂಥ ಹೊಗೆರಹಿತ ತಂಬಾಕು ಬಳಸುತ್ತಾರೆ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಜ್ಜಿಯ ಕೊಟಿನಿನ್ ನೋಡಿ "ಸೇದುವುದನ್ನು ಮುಚ್ಚಿಟ್ಟಿದ್ದಾರೆ" ಅಂತ ಬರೆದರೆ ಅನ್ಯಾಯ. ಜೊತೆಗೆ ಉಸಿರಿನ ಕಾರ್ಬನ್ ಮೊನಾಕ್ಸೈಡ್ ಕೂಡ ನೋಡಬೇಕು, ಅದು ಹೊಗೆಯಿಂದಲೇ ಬರುವುದು. ಆದರೆ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ, ಸೌದೆ ಒಲೆಯ ಹೊಗೆಯೂ ಅದನ್ನು ಏರಿಸುತ್ತದೆ. ಎಷ್ಟು ಸೇದುತ್ತೀರಿ ಅಂದಾಗ ಬರುವ ಉತ್ತರಗಳೂ ಅಷ್ಟೇ, 5, 10, 20 ಹೀಗೆ ದುಂಡಗೆ ಬೀಳುತ್ತವೆ. ಬಿಡಿಬಿಡಿಯಾಗಿ ಪೆಟ್ಟಿಗೆ ಅಂಗಡಿಯಲ್ಲಿ ಕೊಂಡು, ಟೀ ಜೊತೆ ಅರ್ಧ ಸೇದಿ ಗೆಳೆಯನಿಗೆ ದಾಟಿಸುವವನಿಗೆ ದಿನಕ್ಕೆ ಎಷ್ಟು ಪ್ಯಾಕ್ ಅಂತ ಕೇಳಿದರೆ ಏನು ಹೇಳಬೇಕು ಪಾಪ?

ಹೌದು-ಇಲ್ಲ ಉತ್ತರಕ್ಕೆ ಸೂತ್ರ ಇದೆ, ಸುಲಭವಾದದ್ದೇ. ಎಷ್ಟು ನಾಜೂಕು ಅಂತ ಮಾತ್ರ ನೋಡಿ. ಒಂದು ಸಮೀಕ್ಷೆಯಲ್ಲಿ 2% ಹೆಂಗಸರು ಸೇದುತ್ತೇವೆ ಅಂದರು ಅನ್ನಿ. ನಿಜವಾಗಿ ಸೇದುವವರಲ್ಲಿ ಅರ್ಧ ಜನ ಮಾತ್ರ ಒಪ್ಪಿಕೊಳ್ಳುತ್ತಾರೆ, ಸೇದದವರು ಯಾರೂ ತಪ್ಪಿ "ಹೌದು" ಅನ್ನುವುದಿಲ್ಲ ಅಂದರೆ ನಿಜವಾದ ಅಂಕಿ 4%. ಆದರೆ ಸೇದದವರಲ್ಲಿ ನೂರಕ್ಕೆ ಒಬ್ಬರ ಫಾರಂನಲ್ಲಿ ಅಪ್ಪಿತಪ್ಪಿ "ಹೌದು" ಗುರುತಾಗಿದ್ದರೆ? ನಿಜವಾದ ಅಂಕಿ ಸುಮಾರು 2% ಅಷ್ಟೆ. ನೂರಕ್ಕೆ ಒಂದು ತಪ್ಪು ಟಿಕ್‌ನಿಂದ ಉತ್ತರ ಅರ್ಧಕ್ಕೆ ಇಳಿಯಿತು. ಎರವಲು ತಂದ ಅಂಕಿಯ ಬಗ್ಗೆ ನಾನು ಇಷ್ಟು ಹಠ ಹಿಡಿಯುವುದು ಇದಕ್ಕೇ. ಲಂಡನ್ನಿನಲ್ಲೋ ಬಾಸ್ಟನ್ನಿನಲ್ಲೋ ಸಿಕ್ಕ ಅನುಪಾತವನ್ನು ಯಶವಂತಪುರದ ಮಾಹಿತಿಗೆ ಹಚ್ಚಬಾರದು. ಅಲ್ಲಿ ಹೆಂಗಸರು ಸೇದುವುದನ್ನು ಹೇಳಿಕೊಳ್ಳಲು ಅಂಜುವುದು ಬೇರೆ, ಇಲ್ಲಿ ಅತ್ತೆ ಪಕ್ಕದಲ್ಲಿ ಕೂತಿರುವಾಗ ಅಂಜುವುದು ಬೇರೆ.

ಹಾಗಾದರೆ ನಾರಿನ ಕಥೆ? ಎಪಿಕ್‌ನವರು ತಿದ್ದಿದ್ದು ಮೋಸ ಅಲ್ಲ. ತಿದ್ದದ ಅಂಕಿ, ತಿದ್ದಿದ ಅಂಕಿ ಎರಡನ್ನೂ ಕೊಟ್ಟರು, ಹೇಗೆ ತಿದ್ದಿದೆವು ಅಂತಲೂ ಹೇಳಿದರು. ಹಾಗಂತ 42ನ್ನು ಕಂಠಪಾಠ ಮಾಡಬೇಡಿ. 2005ರಲ್ಲಿ 13 ಅಧ್ಯಯನಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದಾಗ, ಬರೀ ವಯಸ್ಸಿಗೆ ಹೊಂದಿಸಿದರೆ 16% ಕಡಿಮೆ ಅಂತ ಬಂದದ್ದು, ಇತರ ಆಹಾರ, ಅಭ್ಯಾಸಗಳನ್ನೂ ಸೇರಿಸಿ ಹೊಂದಿಸಿದಾಗ 6%ಕ್ಕೆ ಇಳಿಯಿತು. ಅದು ಕಾಕತಾಳೀಯವೂ ಇರಬಹುದಾದಷ್ಟು ಸಣ್ಣ ಅಂಕಿ. ರಾಗಿ, ಕಾಳು, ಸೊಪ್ಪು ತಿನ್ನಲು ಬೇರೆ ಕಾರಣಗಳು ಬೇಕಾದಷ್ಟಿವೆ, ಅದಕ್ಕೆ ಈ ಅಂಕಿಯೇ ಆಗಬೇಕಿಲ್ಲ.

ನಿಮ್ಮ ನೆಂಟರಂಥವರ ಉತ್ತರವನ್ನು ಹಿಡಿಯಬೇಕಾದರೆ ಮೊದಲ ಕೆಲಸ ಮನೆಯವರ ಎದುರು ಕೇಳದಿರುವುದು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಸಾಧ್ಯವಾದರೆ ಉತ್ತರವನ್ನು ಅವರೇ ಫೋನಿನಲ್ಲಿ ಒತ್ತುವ ಹಾಗೆ ಮಾಡಬೇಕು. ಸೇದುವುದನ್ನೂ ಜಗಿಯುವುದನ್ನೂ ಬೇರೆ ಬೇರೆ ಕೇಳಬೇಕು. ಎಲ್ಲರ ಎಂಜಲು ಪರೀಕ್ಷೆಗೆ ದುಡ್ಡು ಸಾಲುವುದಿಲ್ಲ ಅಂದರೆ ಕೆಲವು ನೂರು ಜನರದ್ದು ಸಾಕು. ಆದರೆ ಆ ಕೆಲವು ನೂರು ಜನರನ್ನು ಚೀಟಿ ಎತ್ತಿ ಆರಿಸಬೇಕು, ಎರಡು ಮೂರು ಸಲ ಹೋಗಿಯಾದರೂ ಅವರನ್ನೇ ಒಪ್ಪಿಸಬೇಕು. ತಾವಾಗಿ ಮುಂದೆ ಬಂದವರನ್ನಷ್ಟೇ ತೆಗೆದುಕೊಂಡರೆ, ಮುಚ್ಚಿಡುವವರು ಆ ಪಟ್ಟಿಗೂ ಸಿಗುವುದಿಲ್ಲ.